ಅರೆಮೀಸೆ ಮತ್ತು ಕಮಟು ಎಣ್ಣೆ

ಫೆಬ್ರವರಿ ೪

ಚೂಟಿ,

ಫೋನ್ ಮಾಡಿದ್ರೆ ಹೂಂ ಹೂಂ ಅಂತ ಇನ್ನೇನೋ ಕೆಲಸ ಮಾಡ್ತಾ ಇರ್ತೀಯ. ಅದಕ್ಕೇ ಬರೀತಿದೀನಿ, ಕಾಗದ ಆದ್ರೆ ಕಣ್ಣಿಟ್ಟು ಓದಲೇಬೇಕು. ಜೊತೆಗೆ ಒಂದು ಡಬ್ಬಿ ಇದೆ. ನಿಮ್ಮ ಕಾರ್ಖಾನೆಯಿಂದ ಮೀನಿನ ಮೇವು ತರೋ ಲಾರಿಯವರ ಕೈಲೇ ಎರಡನ್ನೂ ಕೊಟ್ಟಿದೀನಿ. ಮೂಟೆ ಇಳಿಸಿ ವಾಪಸ್ ಹೊರಡುವಾಗ ಅವರ ಲಾರಿ ಖಾಲಿ, ನನ್ನ ತಲೆ ಭರ್ತಿ.

ನನ್ನ ಮೀನು ಸಾಯ್ತಿವೆ ಕಣೇ. ಒಂದೇ ಸಲಕ್ಕಲ್ಲ, ದಿನಕ್ಕೆ ಎಂಟು, ಹತ್ತು. ಕ್ಯಾಟ್‌ಫಿಶ್ ಅಂದ್ರೆ ಗಟ್ಟಿ ಪಿಂಡ, ಕೆಸರಲ್ಲಿ ಹಾಕಿದ್ರೂ ಮೀಸೆ ತಿರುವಿಕೊಂಡು ಬದುಕೋ ಜಾತಿ ಅಂತ ಊರೆಲ್ಲಾ ಜಂಭ ಕೊಚ್ಚಿದವಳು ನಾನು. ಈಗ ಒಂದನೇ ಕೊಳ, ಎರಡನೇ ಕೊಳ, ಮೂರನೇ ಕೊಳ, ಮೂರರಲ್ಲೂ ಮೇವು ಚೆಲ್ಲಿದ್ರೆ ಅರ್ಧ ಮೀನು ಮೇಲೇ ಬರಲ್ಲ. ಬಂದವು ಬಾಯಿಗೆ ಹಾಕ್ಕೊಂಡು ಉಗೀತವೆ. ಕಿವಿರು ಬಿಳಿಚಿದೆ, ರೆಕ್ಕೆ ಅಂಚು ಹಳೇ ಸೀರೆ ಅಂಚಿನ ಹಾಗೆ ಹರಿದಿದೆ. ನಿನ್ನೆ ಒಂದನೇ ಕೊಳದ ನಾಲ್ಕನ್ನ ಕೊಯ್ದು ನೋಡಿದೆ. ಕೆಂಪಗಿರಬೇಕಾದ ಲಿವರ್ ಕಂದು ಹಳದಿ ಬಣ್ಣಕ್ಕೆ ತಿರುಗಿದೆ.

ಆಮೇಲೆ ಮೇವಿನ ಮೂಟೆ ಬಿಚ್ಚಿ ಮೂಗಿಟ್ಟೆ. ಕಮಟು. ಸಣ್ಣ ಪುಟ್ಟ ಕಮಟಲ್ಲ, ಹಳೇ ಬಣ್ಣದ ಡಬ್ಬ ತೆಗೆದ ಹಾಗಿತ್ತು. ಅಮ್ಮನ ಅಂಗಡೀಲಿ ಬಾಣಲೆ ಮುಂದೆ ಬೆಳೆದ ಮೂಗು ಇದು. "ಎರಡು ಸಲ ಕಾದ ಎಣ್ಣೆಯನ್ನ ಕಿರುಗುಟ್ಟೋ ಬಾಗಿಲಿಗೆ ಹಾಕು, ಬಾಯಿಗೆ ಹಾಕಬೇಡ" ಅಂತಿದ್ಲಲ್ಲ ಅಮ್ಮ, ಆ ಮಾತು ಕೇಳಿ ಬೆಳೆದವರು ನಾವು.

ನಮ್ಮ ಮೀನು ಸಾಕುವವರ ಸಂಘದ ಅಧ್ಯಕ್ಷರು ಗೊತ್ತಲ್ಲ, ಮೋಡ ಇದ್ರೂ ಬಿಳಿ ಟೋಪಿ ತೆಗೆಯದವರು. ಬಂದು ದಂಡೆ ಮೇಲೆ ನಿಂತು, ಬಗ್ಗಿ ಕೂಡ ನೋಡದೆ, "ನೀರಿನ ರೋಗ" ಅಂದ್ರು. ನಿಮ್ಮ ಮೇವು ಇಳಿಯೋ ಗೋದಾಮು ಅವರದೇ, ತಗಡಿನ ಮಾಡು, ಒಳಗೆ ಕುದಿಯೋ ಬಿಸಿ. ಇನ್ನೇನು ಅಂತಾರೆ? ನಾಲ್ಕೂ ಕೊಳಕ್ಕೆ ಒಂದೇ ಕಾಲುವೆ ನೀರು. ನಾಲ್ಕನೆಯದರಲ್ಲಿ ಹದಿನಾರು ತಾಯಿಮೀನು ಇವೆ, ಅವುಗಳಲ್ಲಿ ಒಂದೂ ಸತ್ತಿಲ್ಲ. ಅವಕ್ಕೇನು ನೀರು ಬಾಟಲಿಯಲ್ಲಿ ಬರುತ್ತಾ? ಅವು ನಿಮ್ಮ ಮೇವು ತಿನ್ನಲ್ಲ, ಅಷ್ಟೇ ವ್ಯತ್ಯಾಸ. ಒಣ ಮೀನಿನ ಪುಡಿ, ಹೊಟ್ಟು, ವಾರಕ್ಕಾಗುವಷ್ಟೇ ತರೋ ಹೊಸ ಅಗಸೆ ಎಣ್ಣೆ, ಇವನ್ನ ಕಲಸಿ ನಾನೇ ಉಂಡೆ ಕಟ್ಟಿ ಹಾಕ್ತೀನಿ. ಹದಿನಾರಕ್ಕಾದ್ರೆ ಆಗುತ್ತೆ, ಆರು ಸಾವಿರಕ್ಕೆ ಕಲಸೋಕೆ ನನಗೆ ಎರಡೇ ಕೈ.

ಆ ಹದಿನಾರರಲ್ಲಿ ಎಲ್ಲಕ್ಕಿಂತ ಹಳಬಳು, ನಮ್ಮ ಅರೆಮೀಸೆ, ಚೆನ್ನಾಗಿದಾಳೆ. ನೀನು ಹೆಸರಿಟ್ಟು ಹನ್ನೊಂದು ವರ್ಷ ಆಯ್ತು. ಸೌಟಿಂದ ಮೆಟ್ಟಿಲ ಕಲ್ಲಿಗೆ ಎರಡು ಸಲ ಬಡಿದ್ರೆ ಈಗಲೂ ಮೊದಲು ಬರೋಳು ಅವಳೇ, ಅದೇ ಮುರಿದ ಮೀಸೆ ಇಟ್ಕೊಂಡು.

ಡಬ್ಬಿಯಲ್ಲಿರೋದು ಆ ಮೂಟೆಯ ಮೇವು. ನಿನ್ನ ಲ್ಯಾಬಲ್ಲಿ ಪರೀಕ್ಷೆ ಮಾಡು. ಇದ್ದದ್ದನ್ನ ಇದ್ದ ಹಾಗೆ ಬರಿ.

ಅಕ್ಕ


ಫೆಬ್ರವರಿ ೧೧

ಪ್ರೀತಿಯ ಅಕ್ಕ,

ಡಬ್ಬಿ ಬಂತು. ಮೂರು ಸುತ್ತು ದಾರ, ಅದರ ಮೇಲೆ ಟೇಪು, ಟೇಪಿನ ಮೇಲೆ ಮತ್ತೆ ದಾರ. ಒಳಗೆ ಒಡವೆ ಇದೆ ಅಂದ್ಕೊಂಡು ನಮ್ಮ ಲ್ಯಾಬಿನವರೆಲ್ಲ ಬಂದು ಸುತ್ತ ನಿಂತಿದ್ರು. ಯಾರು ಕಳಿಸಿದ್ದು ಅಂತ ಕೇಳಿದಾಗ ಒಬ್ಬ ಗಿರಾಕಿ ಅಂದೆ. ನೀನು ನನ್ನ ಅಕ್ಕ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ.

ಮೇವಿನ ಕಾಳಿನಿಂದ ಎಣ್ಣೆ ಬೇರ್ಪಡಿಸಿ ಪರೀಕ್ಷೆ ಮಾಡಿದೆ. ಎಣ್ಣೆ ಗಾಳಿ, ಬಿಸಿಗೆ ಸಿಕ್ಕಿ ಹಾಳಾಗೋಕೆ ಶುರುವಾದ್ರೆ ಈ ಪರೀಕ್ಷೆಯ ಅಂಕಿ ಏರುತ್ತೆ. ಹತ್ತರ ಒಳಗಿದ್ರೆ ಪಾಸು. ನಿನ್ನದು ನಾಲ್ಕು ಬಂದಿದೆ. ಎರಡು ಸಲ ಮಾಡಿದೆ, ಎರಡೂ ಸಲ ನಾಲ್ಕು. ಎರಡನೇ ಬಗೆಯ ಪರೀಕ್ಷೆ ಅಂತ ಇನ್ನೊಂದಿದೆ, ಮೊದಲನೆಯದರಲ್ಲೇ ಇಷ್ಟು ಚೆನ್ನಾಗಿ ಬಂದಿದ್ದರಿಂದ ಅದರ ಅಗತ್ಯ ಕಾಣಲಿಲ್ಲ.

ನಿನ್ನ ಮೂಗಿನ ಮೇಲೆ ನನಗೆ ಗೌರವ ಇದೆ. ಚಿಕ್ಕವಳಿದ್ದಾಗ ನಾನು ಕದ್ದು ತಿಂದಿದ್ದನ್ನೆಲ್ಲಾ ಅದು ಹಿಡಿದುಕೊಟ್ಟಿದೆ. ಆದ್ರೆ ಮೂಗಿಗೆ ಅಂಕಿ ಇಲ್ಲ ಅಕ್ಕ. ಮೀನಿನ ಎಣ್ಣೆ ಹಾಕಿದ ಮೇವು ಸ್ವಲ್ಪ ವಾಸನೆ ಹೊಡೆದೇ ಹೊಡೆಯುತ್ತೆ. ಇಲ್ಲಿ ಎಣ್ಣೆ ಪೀಪಾಯಿ ಒಳಗೆ ಬರಬೇಕಾದ್ರೆ ಸಹಿ ಹಾಕೋಳು ನಾನೇ. ನೀರನ್ನ ಒಂದು ಸಲ ಪರೀಕ್ಷೆಗೆ ಕೊಡು. ಅಧ್ಯಕ್ಷರು ಹೇಳಿದ್ರು ಅಂದ ಮಾತ್ರಕ್ಕೆ ಸುಳ್ಳೇ ಆಗಬೇಕಿಲ್ಲ.

ಇನ್ನೊಂದು ಮಾತು, ಬೈಬೇಡ. ನಮ್ಮ ಮೇವಿನ ಜೊತೆ ಮೀನಿಗೆ ಬೇರೆ ಏನಾದ್ರೂ ಹಾಕ್ತಿದೀಯಾ?

ಭಾವನನ್ನ ಕೇಳಿದೆ ಅಂತ ಹೇಳು.

ಚೂಟಿ


ಫೆಬ್ರವರಿ ೧೯

ನಾಲ್ಕಂತೆ ನಾಲ್ಕು. ಇವತ್ತು ಸತ್ತ ಹನ್ನೆರಡು ಮೀನಿಗೆ ನಿನ್ನ ನಾಲ್ಕನ್ನ ಓದಿ ಹೇಳಿದೆ. ಒಂದೂ ಎದ್ದು ಕೂರಲಿಲ್ಲ.

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆಯೋದು ಯಾವಾಗ ಕಲಿತೆ? ಅಗತ್ಯ ಕಾಣಲಿಲ್ಲ ಅಂತೆ. ನಾನು ಏನು ಮಾಡಿದೆ ಕೇಳು. ಒಂದನೇ ಕೊಳದಿಂದ ಸುಸ್ತಾದ ಹತ್ತು ಮೀನು ಹಿಡಿದು ಸಿಮೆಂಟ್ ತೊಟ್ಟಿಗೆ ಬಿಟ್ಟೆ. ಅದೇ ಕಾಲುವೆಯ ನೀರು. ನಿಮ್ಮ ಮೇವು ನಿಲ್ಲಿಸಿ ತಾಯಿಮೀನಿನ ಉಂಡೆ ಹಾಕಿದೆ. ಎರಡು ಸತ್ತವು. ಉಳಿದ ಎಂಟು ಒಂಬತ್ತನೇ ದಿನಕ್ಕೆ ಉಂಡೆಗೆ ಜಗಳ ಆಡೋಕೆ ಶುರು ಮಾಡಿದವು. ನೀರಿನ ರೋಗಕ್ಕೆ ಉಂಡೆ ಮದ್ದಾ? ನಿನ್ನ ಪುಸ್ತಕದಲ್ಲಿ ಏನಿದೆ ನೋಡು.

ಇದನ್ನ ಸಂಘದ ಸಭೆಯಲ್ಲಿ ಹೇಳಿದೆ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ. ಬಿಳಿ ಟೋಪಿ ಆದೇಶ ಓದಿದ್ರು. ಮಾರ್ಚ್ ೨೦ಕ್ಕೆ ನನ್ನ ನಾಲ್ಕೂ ಕೊಳದ ನೀರು ಬಿಟ್ಟು, ಇದ್ದ ಮೀನೆಲ್ಲ ಕೊಂದು, ತಳಕ್ಕೆ ಸುಣ್ಣ ಹೊಡೀಬೇಕಂತೆ. ಇಲ್ಲಾಂದ್ರೆ ರೋಗ ಕಾಲುವೆಯಲ್ಲಿ ಹರಿದು ಎಲ್ಲರ ಕೊಳಕ್ಕೂ ಹೋಗುತ್ತಂತೆ. ತಾಯಿಮೀನೂ ಸೇರಿ. ಹನ್ನೊಂದು ವರ್ಷ ಆರಿಸಿ ಆರಿಸಿ ಉಳಿಸಿಕೊಂಡ ಹದಿನಾರು ಜೀವ ಅವು. ಮರಿ ಕೊಡೋ ತಾಯಿ ಹೋದ್ರೆ ಆಮೇಲೆ ನನ್ನ ಹತ್ರ ಇರೋದು ನಾಲ್ಕು ಗುಂಡಿ.

ಆಗಲ್ಲ ಅಂದೆ. ತೂಬಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದೀನಿ. ನೀರು ಬಿಡಬೇಕಾದ್ರೆ ಮೊದಲು ನನ್ನನ್ನ ಎತ್ತಿ ಆಚೆ ಇಡಬೇಕು, ನನ್ನ ತೂಕ ಅವರಿಗೆ ಗೊತ್ತಿದೆ. ನಿನ್ನ ಭಾವ ಹೆದರಿ ಎರಡು ದಿನದಿಂದ ಪಂಪಿನ ಮನೆ ಬಿಟ್ಟು ಬಂದಿಲ್ಲ.

ಇನ್ನು ನಿಮ್ಮ ಮೂಟೆ ನನ್ನ ಅಂಗಳಕ್ಕೆ ಬರಬಾರದು ಅಂತ ಲಾರಿಯವರಿಗೆ ಹೇಳಿದೀನಿ. ಇದು ಅವರ ಕೈಲಿ ಕಳಿಸೋ ಕೊನೇ ಕಾಗದ.

ಬೇರೆ ಏನಾದ್ರೂ ಹಾಕ್ತಿದೀಯಾ ಅಂತ ಕೇಳಿದೀಯ. ಅಮ್ಮನ ಮಗಳಿಗೆ ಕೇಳೋ ಮಾತಾ ಅದು? ಏನೂ ಹಾಕಲ್ಲ. ಬರೆದಿಟ್ಕೋ.

ಅಕ್ಕ


ಮಾರ್ಚ್ ೧

ಅಕ್ಕಾ,

ನೀನು ಬೇಡ ಅಂದ್ರೂ ಲಾರಿಯವರ ಕೈಲೇ ಕೊಡ್ತಿದೀನಿ, ಮುಖ್ಯ ರಸ್ತೆಯಲ್ಲಿ ಭಾವ ಸಿಕ್ಕರೆ ಕೊಡ್ತೀನಿ ಅಂದಿದಾರೆ. ನಿನ್ನ ತೊಟ್ಟಿಯ ಎಂಟು ಮೀನು ನನ್ನ ತಲೆಯಿಂದ ಇಳೀತಿಲ್ಲ.

ಇವತ್ತು ಮ್ಯಾನೇಜರ್ ಕರೆದಿದ್ರು. ನಿಮ್ಮ ಸಂಘದಿಂದ ಫೋನ್ ಬಂದಿತ್ತಂತೆ. ಒಬ್ಬ ಹೆಂಗಸು ನಮ್ಮ ಮೇವಿನ ಮೇಲೆ ದೂರು ಹೇಳ್ತಿದಾಳೆ, ಆದ್ರೆ ಅವಳೇ ಹಾಸ್ಟೆಲ್ ಅಡುಗೆಮನೆಯಿಂದ ಕರಿದು ಉಳಿದ ಎಣ್ಣೆ ಟಿನ್ನುಗಟ್ಟಲೆ ತಂದು ಮೀನಿಗೆ ಹಾಕ್ತಾಳೆ ಅಂದ್ರಂತೆ. ಸುಳ್ಳು ಅಂತ ಬಾಯಿ ತನಕ ಬಂತು, ಆದ್ರೆ ನೀನು ಯಾರು ಅಂತ ಹೇಳದೆ ಅದು ಸುಳ್ಳು ಅಂತ ಹೇಗೆ ಹೇಳಲಿ?

ಅದು ಸುಳ್ಳೇ ತಾನೆ ಅಕ್ಕ? ಒಂದು ಸಾಲು ಬರಿ ಸಾಕು.

ಚೂಟಿ


ಮಾರ್ಚ್ ೨

ಅಂಚೆಯಲ್ಲಿ ಹಾಕ್ತಿದೀನಿ. ನಿನಗೆ ತಲುಪಿದ್ರೆ ಸಾಕು, ಉತ್ತರ ಬೇಡ.

ನಿನ್ನೆ ಸಭೆಯಲ್ಲಿ ಬಿಳಿ ಟೋಪಿ ಎದ್ದು ನಿಂತು, "ಹಾಸ್ಟೆಲಿನ ಎಣ್ಣೆ ಟಿನ್ನು ಎಷ್ಟು ತಂದ್ರಿ?" ಅಂತ ಕೇಳಿದ್ರು. ಇಡೀ ಕೋಣೆ ನಕ್ಕಿತು. ಆ ಟಿನ್ನಿನ ವಿಷಯ ಗೊತ್ತಿದ್ದದ್ದು ಮೂರೇ ಜನಕ್ಕೆ. ನಾನು, ಹಾಸ್ಟೆಲ್ ಅಡುಗೆಯವರು, ನಿನ್ನ ಭಾವ. ನಿನ್ನ ಭಾವ ನನ್ನ ಬೆನ್ನ ಹಿಂದೆ ನಿನಗೆ ಫೋನ್ ಮಾಡ್ತಾರೆ ಅನ್ನೋದು ನನಗೆ ಗೊತ್ತು. ಹನ್ನೊಂದನೇ ತಾರೀಖಿನ ನಿನ್ನ ಕಾಗದದಲ್ಲೇ ಬೇರೆ ಏನಾದ್ರೂ ಹಾಕ್ತಿದೀಯಾ ಅಂತ ಕೊಕ್ಕೆ ಹಾಕಿದ್ದೆ. ಅಂದ್ರೆ ಆಗಲೇ ನಿನಗೆ ಗೊತ್ತಿತ್ತು. ನೀನು ನಿನ್ನ ಮ್ಯಾನೇಜರಿಗೆ ಹೇಳಿದೆ, ಅವರು ಟೋಪಿಗೆ ಹೇಳಿದ್ರು. ಚಿಕ್ಕವಳಿದ್ದಾಗ ನಿನ್ನ ಜಡೆ ಹೆಣೆದ ಕೈ ಇದು. ಆ ಕೈಗೇ ಬೇಡಿ ತೊಡಿಸ್ತೀಯ ಅಂತ ಅಂದ್ಕೊಂಡಿರಲಿಲ್ಲ.

ಹೌದು, ಹಾಕಿದೆ. ಇನ್ನು ಮುಚ್ಚಿಡೋಕೆ ಏನಿದೆ? ಮೂರನೇ ಕೊಳಕ್ಕೆ ಮಾತ್ರ, ಮೂರು ತಿಂಗಳು. ಪುಕ್ಕಟೆ ಸಿಗ್ತು, ಮೇವಿಗೆ ಸವರಿದ್ರೆ ಮೀನು ಬೇಗ ದಪ್ಪ ಆಗುತ್ತೆ, ಮೈ ಮಿಂಚುತ್ತೆ ಅಂತ ಯಾರೋ ಹೇಳಿದ್ರು, ನಂಬಿದೆ. ಮೂಗು ಬೇಡ ಅಂತಿತ್ತು, ಆಸೆ ಬೇಕು ಅಂತು. ಅಮ್ಮ ಇದ್ದಿದ್ರೆ ಅದೇ ಟಿನ್ನನ್ನ ನನ್ನ ತಲೆ ಮೇಲೆ ಸುರೀತಿದ್ಲು. ಅದಕ್ಕೇ ನಿನಗೆ ಹೇಳಲಿಲ್ಲ. ಅಮ್ಮನ ಮಾತನ್ನ ನೀನೂ ಕೇಳಿ ಬೆಳೆದವಳು.

ಒಂದನೇ, ಎರಡನೇ ಕೊಳಕ್ಕೆ ಒಂದು ತೊಟ್ಟೂ ಹಾಕಿಲ್ಲ. ಅಲ್ಲೂ ಸಾಯ್ತಿವೆ. ಆದ್ರೆ ಈಗ ಅದನ್ನ ಕೇಳೋರು ಯಾರು? ತೂಬಿನ ಕೈ ಇನ್ನೂ ನನ್ನ ಸೊಂಟದಲ್ಲೇ ಇದೆ, ಇಪ್ಪತ್ತನೇ ತಾರೀಖೂ ಅಲ್ಲೇ ಇರುತ್ತೆ.

ಬರೀಬೇಡ.


ಮಾರ್ಚ್ ೭

ಅಕ್ಕಾ,

ಬರೀಬೇಡ ಅಂದ್ರೂ ಬರೀತೀನಿ. ನಿನ್ನ ತಂಗಿ ಅಲ್ವಾ, ಹೇಳಿದ ಮಾತು ಕೇಳಿದ್ದು ಯಾವಾಗ?

ಒಂದನೇ ತಾರೀಖಿನ ನನ್ನ ಕಾಗದ ಇನ್ನೂ ಲಾರಿಯಲ್ಲೇ ಇರಬೇಕು. ಅದು ಸಿಕ್ಕಾಗ ಓದು. ನಿನ್ನ ಟಿನ್ನಿನ ವಿಷಯ ನನಗೆ ಗೊತ್ತಾದದ್ದೇ ಅವತ್ತು, ಅದೂ ನಿಮ್ಮ ಸಂಘದ ಬಾಯಿಂದ. ಭಾವ ನನ್ನ ಹತ್ರ ಮಾತಾಡೋದು ಅವರ ಮಂಡಿ ನೋವಿನ ವಿಷಯ ಮಾತ್ರ. ಬೇರೆ ಏನಾದ್ರೂ ಹಾಕ್ತಿದೀಯಾ ಅನ್ನೋದು ನಾವು ಎಲ್ಲ ಗಿರಾಕಿಗೂ ಕೇಳೋ ಮೊದಲ ಪ್ರಶ್ನೆ. ನಿನ್ನನ್ನೂ ಗಿರಾಕಿಯ ಹಾಗೇ ಕೇಳಿದೆ, ತಪ್ಪಿದ್ರೆ ಅದು ನನ್ನ ತಪ್ಪು.

ಆದ್ರೆ ನಾನೂ ಮುಚ್ಚಿಟ್ಟಿದ್ದೆ. ಅಗತ್ಯ ಕಾಣಲಿಲ್ಲ ಅಂತ ಬರೆದಿದ್ದೆನಲ್ಲ, ಅದು ಸುಳ್ಳು. ಎರಡನೇ ಪರೀಕ್ಷೆಯ ಔಷಧಿ ನಮ್ಮ ಲ್ಯಾಬಿನಲ್ಲಿ ಖಾಲಿಯಾಗಿ ಐದು ತಿಂಗಳಾಯ್ತು. ತರಿಸಿ ಅಂತ ಎರಡು ಸಲ ಕೇಳಿದೆ, ಆಮೇಲೆ ಕೇಳೋದು ಬಿಟ್ಟೆ. ಒಂದೇ ಪರೀಕ್ಷೆ ನಂಬಿ ಪೀಪಾಯಿಗೆ ಸಹಿ ಹಾಕ್ತಾ ಬಂದೆ.

ಅದರಲ್ಲಿ ಏನು ತಪ್ಪು ಅಂತ ಹೇಳ್ತೀನಿ ಕೇಳು. ಎಣ್ಣೆ ಕೆಡ್ತಾ ಹೋದ ಹಾಗೆ ಮೊದಲ ಪರೀಕ್ಷೆಯ ಅಂಕಿ ಏರುತ್ತೆ ಅಂದಿದ್ದೆ. ಪೂರ್ತಿ ಕೆಟ್ಟ ಮೇಲೆ ಅದೇ ಅಂಕಿ ಮತ್ತೆ ಇಳಿಯುತ್ತೆ. ಬೆಟ್ಟದ ಬುಡದಲ್ಲಿ ನಿಂತವನು ಇನ್ನೂ ಹತ್ತಬೇಕೋ, ಆಗಲೇ ಹತ್ತಿ ಆ ಕಡೆ ಇಳಿದನೋ ಅಂತ ಎತ್ತರ ಅಳೆದ್ರೆ ಗೊತ್ತಾಗಲ್ಲ. ನನ್ನ ನಾಲ್ಕು ಬೆಟ್ಟ ಇಳಿದು ಬಂದ ನಾಲ್ಕು. ಇದನ್ನ ಕಾಲೇಜಿನ ಮೊದಲ ವರ್ಷದಲ್ಲೇ ಓದಿದ್ದೆ. ದಿನಾ ಪಾಸು ಪಾಸು ಅಂತ ಬರೆದೂ ಬರೆದೂ ಮರೆತೆ. ನಿನ್ನ ಮೂಗು ಮರೆತಿರಲಿಲ್ಲ.

ನಿನ್ನ ಎಂಟು ಮೀನಿನ ಕಥೆ ಓದಿದ ಮೇಲೆ ನನ್ನ ಹಳೇ ಕಾಲೇಜಿನಿಂದ ಆ ಔಷಧಿ ಒಂದು ಸೀಸೆ ಕೇಳಿ ತಂದೆ. ಮೂರು ದಿನ ಊಟದ ಬಿಡುವಿನಲ್ಲಿ ಕೂತು ಮಾಡಿದೆ. ಇಪ್ಪತ್ತರ ಒಳಗಿರಬೇಕಾದ್ದು ಎಪ್ಪತ್ತೊಂದು ಬಂದಿದೆ. ಅಂಥ ಎಣ್ಣೆ ತಿಂದ ಮೀನಿಗೆ ರಕ್ತ ಕಡಿಮೆಯಾಗುತ್ತೆ, ಲಿವರ್ ಹಾಳಾಗುತ್ತೆ, ರೆಕ್ಕೆ ಸವೆಯುತ್ತೆ. ನೀನು ಬರೆದದ್ದೆಲ್ಲ ಅದೇ. ಇಲ್ಲಿ ಇಟ್ಟಿರೋ ಪೀಪಾಯಿಯ ಎಣ್ಣೆಯನ್ನೂ ನೋಡಿದೆ. ಐವತ್ತೆಂಟು. ಅಂದ್ರೆ ಗೋದಾಮಿನ ತಗಡು ಹಾಳು ಮಾಡಿದ್ದು ಉಳಿದಿದ್ದನ್ನ. ಕೆಟ್ಟ ಎಣ್ಣೆ ಹೊರಟಿದ್ದೇ ನನ್ನ ಸಹಿ ಹೊತ್ತುಕೊಂಡು.

ಮ್ಯಾನೇಜರಿಗೆ ತೋರಿಸಿದೆ. ಹಾವೂ ಸಾಯಬಾರದು ಕೋಲೂ ಮುರೀಬಾರದು ಅನ್ನೋರು ಅವರು. "ಸದ್ಯಕ್ಕೆ ಮೊದಲ ಅಂಕಿ ಮಾತ್ರ ಬರೆದಿಡಿ" ಅಂದ್ರು. ಹೂಂ ಅಂದೆ. ಆದ್ರೆ ಬರೆದಿಲ್ಲ.

ನಿನಗೆ ವರದಿ ಕಳಿಸ್ತೀನಿ, ಸಹಿ ಹಾಕಿ. ಒಂದೇ ಒಂದು ಮಾತು ಕೇಳು ಅಕ್ಕ. ಮೂರನೇ ಕೊಳವನ್ನ ಇಪ್ಪತ್ತನೇ ತಾರೀಖಿನ ಒಳಗೆ ನೀನೇ ಸದ್ದಿಲ್ಲದೆ ಖಾಲಿ ಮಾಡಿಬಿಡು. ಟಿನ್ನು ಎಸೆ. ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನು. ಇಲ್ಲಾಂದ್ರೆ ಅದೊಂದು ಕೊಳದ ಎಣ್ಣೆಯನ್ನ ನಾಲ್ಕಕ್ಕೂ ಮೆತ್ತಿ, ತಾಯಿಮೀನನ್ನೂ ಕೊಲ್ತಾರೆ.

ಚೂಟಿ


ಮಾರ್ಚ್ ೧೧

ಚೂಟಿ, ನನ್ನ ಕಂದಾ,

ನಿನ್ನ ಎರಡು ಕಾಗದ ಹಿಂದೆ ಮುಂದೆ ಸಿಕ್ಕವು, ಏಳನೇ ತಾರೀಖಿನದು ಮೊದಲು, ಒಂದನೇ ತಾರೀಖಿನದು ಆಮೇಲೆ. ಓದಿ ಅಡುಗೆಮನೆ ಬಾಗಿಲು ಹಾಕ್ಕೊಂಡು ಅತ್ತೆ. ತಾನು ಕಳ್ಳ, ಪರರ ನಂಬ ಅಂತಾರಲ್ಲ, ನಾನೇ ಅದು. ನಿನ್ನ ಭಾವನನ್ನ ನಿಲ್ಲಿಸಿ ಕೇಳಿದೆ. ಪಂಪಿನ ಹತ್ರ ನಿಂತ್ರೆ ಪಂಪಿಗಿಂತ ಕಡಿಮೆ ಸದ್ದು ಮಾಡೋ ಮನುಷ್ಯ, ಟೀ ಅಂಗಡಿಯಲ್ಲಿ "ನಮ್ಮವಳು ಬಲೇ ಜಾಣೆ, ಎಣ್ಣೆ ಪುಕ್ಕಟೆ ತರ್ತಾಳೆ" ಅಂತ ಹೆಂಡತಿಯನ್ನ ಹೊಗಳಿದಾರೆ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಒಂದು ಸಲ ಹೊಗಳಿದ್ರು, ಅದೂ ಹೀಗೆ. ಬೈಯೋಕೂ ಮನಸ್ಸಾಗಲಿಲ್ಲ.

ನಿನ್ನ ಮೇಲೆ ಅನುಮಾನ ಪಟ್ಟೆ. ತಪ್ಪಾಯ್ತು. ಇದನ್ನ ಎರಡನೇ ಸಲ ಬರೆಯಲ್ಲ, ಈ ಕಾಗದ ಇಟ್ಕೊಂಡು ಬೇಕಾದಾಗ ಓದ್ಕೋ.

ಆದ್ರೆ ಮೂರನೇ ಕೊಳ ಖಾಲಿ ಮಾಡಲ್ಲ. ಇಲ್ಲ ಅಂತ ಒಂದು ಸಲ ನಿನಗೇ ಬರೆದು ನೋಡಿದೆನಲ್ಲ, ಏನಾಯ್ತು? ನಾನು ಟಿನ್ನು ಬಚ್ಚಿಟ್ಟು, ನೀನು ಖಾಲಿ ಸೀಸೆ ಬಚ್ಚಿಟ್ಟು, ನಡುವೆ ಸತ್ತವು ಮೀನು. ಈಗ ಮತ್ತೆ ಸುಳ್ಳು ಹೇಳಿದ್ರೆ ನನಗೂ ಆ ಟೋಪಿಗೂ ಒಂದು ಟೋಪಿಯಷ್ಟೇ ವ್ಯತ್ಯಾಸ. ನನ್ನ ತಪ್ಪನ್ನ ನಾನೇ ತಟ್ಟೆಯಲ್ಲಿಟ್ಟು ತೋರಿಸ್ತೀನಿ. ಆಮೇಲೆ ಅವರ ತಪ್ಪನ್ನ ಪಕ್ಕದಲ್ಲಿ ಇಡ್ತೀನಿ.

ಇಪ್ಪತ್ತಕ್ಕೆ ಮೀನುಗಾರಿಕೆ ಇಲಾಖೆಯ ಅಧಿಕಾರಿ ಬರಲೇಬೇಕು ಅಂತ ಅವರ ಕಚೇರಿಗೆ ಮೂರು ಸಲ ಹೋಗಿ ಕೂತೆ. ಕೊನೆಗೆ ನನ್ನ ಕಾಟ ತಡೀಲಾರದೆ ಬರ್ತೀನಿ ಅಂದಿದಾರೆ. ಎಲ್ಲರೆದುರು ನಾಲ್ಕು ಕೊಳದಿಂದ ನಾಲ್ಕು ಮೀನು ಕೊಯ್ದು, ನಾಲ್ಕು ಬಿಳಿ ತಟ್ಟೆಯಲ್ಲಿ ಇಡ್ತೀನಿ. ಕಣ್ಣಿದ್ದೋರು ನೋಡಲಿ.

ನಾಲ್ಕನೇ ತಟ್ಟೆಗೆ ತಾಯಿಮೀನು ಬೇಕು. ಒಂದನ್ನ ಕೊಯ್ದೇ ಇದ್ರೆ ಉಳಿದವನ್ನ ಉಳಿಸೋಕೆ ಆಗಲ್ಲ. ನಾಲ್ಕು ವರ್ಷದ್ದೊಂದಿದೆ, ಸಣ್ಣದು, ಅದನ್ನ ಗುರುತು ಮಾಡಿಟ್ಟಿದೀನಿ. ಅರೆಮೀಸೆ ವಿಷಯಕ್ಕೆ ನೀನು ಚಿಂತೆ ಮಾಡಬೇಡ.

ವರದಿ ಕಳಿಸೋ ಮುಂಚೆ ಒಂದು ಸಲ ಯೋಚಿಸು. ನಿನ್ನ ಕೆಲಸ ಅದು, ನನ್ನದಲ್ಲ. ಕಳಿಸದೇ ಇದ್ರೂ ನೀನು ನನ್ನ ತಂಗಿಯೇ.

ಅಕ್ಕ


ಮಾರ್ಚ್ ೧೫

ಅಕ್ಕಾ,

ಯೋಚಿಸಿದೆ. ಅರ್ಧ ಕಪ್ ಟೀ ಮುಗಿಯೋಷ್ಟು ಹೊತ್ತು.

ವರದಿ ಇದರ ಜೊತೆ ಇದೆ. ಎರಡೂ ಅಂಕಿ ಬರೆದಿದೀನಿ, ಪೀಪಾಯಿಯದೂ ಸೇರಿ. ಐದು ತಿಂಗಳು ಎರಡನೇ ಪರೀಕ್ಷೆ ಮಾಡದೆ ಸಹಿ ಹಾಕಿದವಳು ನಾನೇ ಅಂತಲೂ ಬರೆದಿದೀನಿ. ಕೊನೆಯಲ್ಲಿ ಒಂದು ಸಾಲು ಸೇರಿಸಿದೀನಿ, ಓದಿ ಬೈಬೇಡ. ನೀನು ಮೂರನೇ ಕೊಳ ತೋರಿಸೋದಾದ್ರೆ ನಾನೂ ನನ್ನದನ್ನ ತೋರಿಸಬೇಕಲ್ಲ.

ಇದರ ಪ್ರತಿಯನ್ನ ಮ್ಯಾನೇಜರ್ ಮೇಜಿನ ಮೇಲೆ ನಾನೇ ಇಟ್ಟೆ. ಓದಿದ್ರು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದ್ರು. ಲ್ಯಾಬಿನ ಬೀಗದ ಕೈ ಕೇಳಿದ್ರು. ಕೊಟ್ಟೆ. ನಾಳೆಯಿಂದ ಬರಬೇಡಿ ಅಂದ್ರು.

ಚೂಟಿ


ಮಾರ್ಚ್ ೨೧

ಚೂಟಿ,

ಮೊದಲು ಮುಖ್ಯವಾದ್ದು ಹೇಳಿಬಿಡ್ತೀನಿ. ತೂಬು ತೆಗೆಯಲಿಲ್ಲ. ನೀರು ಇದ್ದಲ್ಲೇ ಇದೆ. ತಾಯಿಮೀನು ಹದಿನೈದು ಉಳಿದಿವೆ. ಮುಂದಿನದನ್ನ ಕೂತ್ಕೊಂಡು ಓದು.

ಹಳೇ ಬಾಗಿಲ ಹಲಗೆಯನ್ನ ಎರಡು ಪೀಪಾಯಿ ಮೇಲಿಟ್ಟು ಮೇಜು ಮಾಡಿದ್ದೆ. ಹತ್ತು ಗಂಟೆಗೆ ಸಂಘದವರು ಇಪ್ಪತ್ತು ಜನ ಬಂದ್ರು, ಜೊತೆಗೆ ಎರಡು ಮೂಟೆ ಸುಣ್ಣ. ಇಲಾಖೆಯ ಅಧಿಕಾರಿ ಕೊಡೆ ಹಿಡಕೊಂಡು ಬಂದ್ರು. ಒಂದನೇ, ಎರಡನೇ ಕೊಳದ ಮೀನನ್ನ ಬಿಳಿ ಟೋಪಿಯ ಕೈಲೇ ಬಲೆ ಹಾಕಿಸಿದೆ, ಆಮೇಲೆ ಆರಿಸಿ ಹಿಡಿದ್ಲು ಅನ್ನಬಾರದು. ಕೊಯ್ದೆ. ಎರಡರ ಲಿವರೂ ಅದೇ ಕಂದು ಹಳದಿ. ಮೂರನೇ ಕೊಳದ್ದು ಇನ್ನೂ ಬೇರೆ, ಊದಿಕೊಂಡು, ಬೆಳ್ಳಗೆ, ಮುಟ್ಟಿದ್ರೆ ಬೆರಳಿಗೆ ಜಿಡ್ಡು. "ಇದು ನನ್ನ ಕೆಲಸ" ಅಂದೆ. "ಕರಿದ ಎಣ್ಣೆ, ಹಾಸ್ಟೆಲಿನದು, ಮೂರು ತಿಂಗಳು. ಬರ್ಕೊಳ್ಳಿ. ಮೊದಲೆರಡಕ್ಕೆ ಹಾಕಿಲ್ಲ, ಅಲ್ಲಿಗೆ ಹಾಕಿದ್ದು ಗೋದಾಮಿನ ಮೇವೊಂದೇ." ನಗೋಕೆ ಅಂತಲೇ ಬಂದವರಿದ್ರು. ಯಾರೂ ನಗಲಿಲ್ಲ.

ನಿನ್ನ ವರದಿಯನ್ನ ಅಧಿಕಾರಿಯೇ ಜೋರಾಗಿ ಓದಿದ್ರು. ಕೊನೇ ಸಾಲು ಬಂತು. "ಈ ಕೊಳಗಳ ಒಡತಿ ನನ್ನ ಒಡಹುಟ್ಟಿದ ಅಕ್ಕ. ಹಾಗಾಗಿ ನನ್ನ ಮಾತು ನಂಬಬೇಡಿ, ಇದೇ ಎಣ್ಣೆಯನ್ನು ಬೇರೆ ಲ್ಯಾಬಿನಲ್ಲಿ ಪರೀಕ್ಷಿಸಿ." ಬಿಳಿ ಟೋಪಿ ಎದ್ದು, "ನೋಡಿದ್ರಾ, ಮನೆಯವರದೇ ವರದಿ" ಅಂದ್ರು. ಅಧಿಕಾರಿ, "ಅವರೇ ಬರೆದಿದಾರಲ್ಲ ಸ್ವಾಮಿ, ಹೊಸದಾಗಿ ನೀವೇನು ಕಂಡುಹಿಡಿದ್ರಿ?" ಅಂದ್ರು. ನನಗೆ ಆ ಹೊತ್ತಲ್ಲಿ ಎದೆ ಎಷ್ಟು ಅಗಲ ಆಯ್ತು ಅಂತ ಬರೆಯೋಕೆ ಬರಲ್ಲ. ನನ್ನ ತಂಗಿ ಅಂತ ಎಲ್ಲರ ಮುಖ ನೋಡಿದೆ.

ಆಮೇಲೆ ನಾಲ್ಕನೇ ತಟ್ಟೆ. ಗುರುತು ಮಾಡಿಟ್ಟಿದ್ದ ಸಣ್ಣದನ್ನ ಬಲೆಗೆ ಹಾಕಿದ್ದೆ. ಬಿಳಿ ಟೋಪಿ ಕೈ ಅಡ್ಡ ಹಿಡಿದು, "ನೀವು ಆರಿಸಿದ್ದು ಬೇಡ. ಎಲ್ಲಕ್ಕಿಂತ ಹಳೇದನ್ನ ಹಿಡೀರಿ. ಈ ನೀರು ಹೆಚ್ಚು ಕಾಲ ಕುಡಿದದ್ದು ಅದು, ರೋಗ ಇದ್ರೆ ಅದರಲ್ಲೇ ಇರುತ್ತೆ" ಅಂದ್ರು. ಹುಟ್ಟಿದಾಗಿಂದ ಆ ಮನುಷ್ಯ ಆಡಿದ ನ್ಯಾಯದ ಮಾತು ಅಂದ್ರೆ ಅದೊಂದೇ. ಅಧಿಕಾರಿ ನನ್ನ ಕಡೆ ನೋಡಿದ್ರು. ಆಗಲ್ಲ ಅಂದ್ರೆ ಹದಿನಾರೂ ಹೋಗ್ತಿದ್ದವು.

ಬಲೆ ಹಾಕಲಿಲ್ಲ ಕಣೇ. ಬಲೆ ಹಾಕಿದ್ರೆ ಹೆದರ್ತಾಳೆ. ಸೌಟು ತಗೊಂಡು ಮೆಟ್ಟಿಲ ಕಲ್ಲಿಗೆ ಎರಡು ಸಲ ಬಡಿದೆ. ಅವಳೇ ಮೊದಲು ಬಂದ್ಲು, ದಿನಾ ಬರೋ ಹಾಗೆ. ಅಂಗೈಗೆ ಬಾಯಿ ಇಟ್ಟು ಉಂಡೆ ಹುಡುಕಿದ್ಲು. ಕೊಟ್ಟೆ. ತಿಂದಳು. ಆಮೇಲೆ ಎರಡೂ ಕೈ ಅವಳ ಹೊಟ್ಟೆಯಡಿ ಹಾಕಿ ಎತ್ತಿದೆ. ಒದ್ದಾಡಲೇ ಇಲ್ಲ, ನನ್ನ ಕೈ ಅಂತ.

ಲಿವರ್ ಕೆಂಪ್ ಕೆಂಪಗೆ, ಗಟ್ಟಿಯಾಗಿತ್ತು. ಬಿಳಿ ತಟ್ಟೆ ಮೇಲೆ ಇಟ್ಟೆ. ನಾಲ್ಕು ತಟ್ಟೆ ಸಾಲಾಗಿ. ಅಧಿಕಾರಿ ಗೋದಾಮಿಂದ ಮೇವಿನ ಮೂಟೆ ತರಿಸಿ, ಬಿಚ್ಚಿಸಿ, ಮೂಗಿಟ್ಟು, ಕೆಮ್ಮಿ, ಮುಖ ತಿರುಗಿಸಿದ್ರು. ಅಲ್ಲೇ ನಿಂತು ಬರೆದ್ರು. ಕೊಳಗಳ ನೀರು ಬಿಡುವಂತಿಲ್ಲ. ಗೋದಾಮಿನ ಮೇವಿಗೆಲ್ಲ ಮೊಹರು. ಎಣ್ಣೆ ಬೇರೆ ಲ್ಯಾಬಿಗೆ. ಮೂರನೇ ಕೊಳದ ಮೀನು ಸುಧಾರಿಸೋ ತನಕ ಮಾರುವಂತಿಲ್ಲ, ಅದು ನನಗೆ ಶಿಕ್ಷೆ, ಸರಿಯಾಗಿದೆ. ಬಿಳಿ ಟೋಪಿ ಟೋಪಿ ತೆಗೆದು ಬೆವರು ಒರೆಸಿಕೊಂಡ್ರು. ಇಷ್ಟು ವರ್ಷಕ್ಕೆ ಅವರ ತಲೆ ನೋಡಿದ್ದು ಇದೇ ಮೊದಲು. ಸುಣ್ಣದ ಮೂಟೆಯನ್ನ ಅವರ ಜನವೇ ಹೊತ್ತುಕೊಂಡು ವಾಪಸ್ ಹೋದ್ರು.

ಅರೆಮೀಸೆಯನ್ನ ಅಡುಗೆಗೂ ಕೊಡಲಿಲ್ಲ, ಯಾರಿಗೂ ಕೊಡಲಿಲ್ಲ. ಮೆಟ್ಟಿಲ ಪಕ್ಕ ನಿನ್ನ ಭಾವನೇ ಗುಂಡಿ ತೋಡಿದ್ರು. ಅತ್ತಿದ್ದೂ ಅವರೇ. ನಾನು ಅಳಲಿಲ್ಲ, ಟೋಪಿಯವರು ಇನ್ನೂ ರಸ್ತೆಯಲ್ಲೇ ಇದ್ರು.

ಕೆಲಸ ಹೋಯ್ತು ಅಂತ ಅಲ್ಲೇ ಕೂರಬೇಡ, ಹೊರಟು ಬಾ. ಆ ಎರಡನೇ ಪರೀಕ್ಷೆಯ ಸೀಸೆಯನ್ನೂ ತಗೊಂಡು ಬಾ. ಸಭೆ ಮುಗಿದ ಮೇಲೆ ಸಂಘದ ಐದು ಜನ ಹಿಂದೆ ಉಳಿದು, ನಮ್ಮ ಮೂಟೆಯನ್ನೂ ನೋಡಿಕೊಡ್ತೀರಾ ಅಂತ ಕೇಳಿದ್ರು. ಇನ್ನು ಈ ಕಾಲುವೆಯ ಯಾವ ಕೊಳಕ್ಕೂ ಮೇವು ಇಳೀಬೇಕಾದ್ರೆ ನನ್ನ ಮೂಗು, ನಿನ್ನ ಅಂಕಿ, ಎರಡನ್ನೂ ದಾಟಿ ಇಳೀಬೇಕು. ಬೇಡ ಅನ್ನೋರು ನನ್ನೆದುರಿಗೆ ಬಂದು ಹೇಳಲಿ.

ಇನ್ನೊಂದು ವಿಷಯ. ಇವತ್ತು ಬೆಳಗ್ಗೆ ಹದಿನೈದಕ್ಕೂ ಉಂಡೆ ಕಲಸಿದೆ, ಆದ್ರೆ ಸೌಟು ಎತ್ತೋಕೆ ಕೈ ಬರಲಿಲ್ಲ. ಸುಮ್ಮನೆ ನೀರಿಗೆ ಎಸೆದು ಬಂದೆ. ನಿನ್ನ ಭಾವ ಬಡಿದ್ರೆ ಒಂದೂ ಬರಲ್ಲ. ನೀನೇ ಬಂದು ಬಡಿ.

ಅಕ್ಕ